ಸಿಗ್ನಲ್ ಹಸಿರಿತ್ತು, ಆದರೂ ಗೂಡ್ಸ್‌ಗೆ ಗುದ್ದಿತು

ಇಂದಿರಾನಗರ, ಕೆ.ಆರ್.ಪುರಂ ಕಡೆಯವರಿಗೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಗೊತ್ತೇ ಇರುತ್ತೆ. ಅಲ್ಲಿಂದ ಹೊರಟಿದ್ದ ಹೌರಾ ರೈಲು 2023ರ ಜೂನ್ 2ರ ಸಂಜೆ ಒಡಿಶಾದ ಬಹನಾಗಾ ಬಜಾರ್ ಸ್ಟೇಷನ್ ದಾಟ್ತಾ ಇತ್ತು. ಅದೇ ಹೊತ್ತಿಗೆ ಎದುರಿನಿಂದ ಬಂದ ಕೋರಮಂಡಲ್ ಎಕ್ಸ್‌ಪ್ರೆಸ್, ಲೂಪ್ ಲೈನಿನಲ್ಲಿ ನಿಂತಿದ್ದ ಅದಿರಿನ ಗೂಡ್ಸ್‌ಗೆ ಗುದ್ದಿತು. ಅದರ ಬೋಗಿಗಳು ಪಕ್ಕದ ಹಳಿಗೆ ಚೆಲ್ಲಿ, ನಮ್ಮೂರಿನ ರೈಲಿನ ಕೊನೆಯ ಬೋಗಿಗಳೂ ಹಳಿ ತಪ್ಪಿದವು. 290ಕ್ಕೂ ಹೆಚ್ಚು ಜನ ಸತ್ತರು.

ಕೋರಮಂಡಲ್ ಚಾಲಕರಿಗೆ ಕಂಡದ್ದು ಹಸಿರು ಸಿಗ್ನಲ್. ಮೇನ್ ಲೈನಿನಲ್ಲಿ ಸೀದಾ ಹೋಗಿ ಅಂತ. ವೇಗ ಗಂಟೆಗೆ ಸುಮಾರು 128 ಕಿ.ಮೀ.

ಇಂಟರ್‌ಲಾಕಿಂಗ್ ಅಂತ ಒಂದಿದೆ. ಹಳಿ ಬದಲಿಸುವ ಪಾಯಿಂಟ್ ಸರಿಯಾಗಿ ಕೂತು ಲಾಕ್ ಆಗೋ ತನಕ ಹಸಿರು ಬೀಳೋದೇ ಇಲ್ಲ. ಆದರೆ ಪಾಯಿಂಟ್ ಎತ್ತ ಕಡೆ ಇದೆ ಅನ್ನೋದನ್ನ ಅದು ಕಣ್ಣಲ್ಲಿ ನೋಡಲ್ಲ, ತಂತಿಯಲ್ಲಿ ಬರುವ ಕರೆಂಟಿನಿಂದ ತಿಳಿಯುತ್ತೆ. ಅವತ್ತು ಹತ್ತಿರದ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸ ನಡೆದಿತ್ತು. ಹಳೆಯ ವೈರಿಂಗ್ ಬದಲಾವಣೆ ದಾಖಲೆಗೆ ಬಂದಿರಲಿಲ್ಲ, ಲೇಬಲ್ ತಪ್ಪಿತ್ತು, ತಂತಿ ತಪ್ಪು ಕಡೆ ಸೇರಿತು. ಪಾಯಿಂಟ್ ಲೂಪ್ ಕಡೆಗೇ ತಿರುಗಿದ್ದರೂ ಪ್ಯಾನಲ್‌ನಲ್ಲಿ ಮೇನ್ ಲೈನ್ ಅಂತ ತೋರಿಸಿತು.

ಕವಚ್ ಇದ್ದಿದ್ರೆ ಅಂತೀರಾ? ಕೆಂಪು ದಾಟಿದ ರೈಲನ್ನ ಅದು ನಿಲ್ಲಿಸುತ್ತೆ. ಇಲ್ಲಿ ಕೆಂಪು ಬಿದ್ದೇ ಇರಲಿಲ್ಲವಲ್ಲ!

ನನಗೆ ಸಿಟ್ಟು ಬರೋದು ಮುಂದಿನ ವಿಷಯಕ್ಕೆ. ಅದೇ ಖರಗ್‌ಪುರ ವಿಭಾಗದಲ್ಲಿ 2022ರಲ್ಲೇ ಇಂಥ ವೈರಿಂಗ್ ತಪ್ಪು ಸಿಕ್ಕಿತ್ತು. ಆಗಲೇ ಸರಿಪಡಿಸಿದ್ದರೆ ಈ ಅಪಘಾತ ಆಗ್ತಿರಲಿಲ್ಲ ಅಂತ ರೈಲ್ವೆ ಸುರಕ್ಷತಾ ಆಯುಕ್ತರ ವರದಿಯೇ ಹೇಳುತ್ತೆ.

ನಮ್ಮ ಕರ್ನಾಟಕದಲ್ಲೂ ಸ್ವಲ್ಪದರಲ್ಲೇ ತಪ್ಪಿತ್ತು. 2023ರ ಫೆಬ್ರವರಿ 8, ಹೊಸದುರ್ಗ ರೋಡ್ ಸ್ಟೇಷನ್. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಚಾಲಕರ ಕೈಲಿದ್ದ ಅನುಮತಿ ಚೀಟಿ ಒಂದು ಲೈನಿಗೆ, ಪಾಯಿಂಟ್ ಇದ್ದದ್ದು ಇನ್ನೊಂದಕ್ಕೆ. ಗಮನಿಸಿ ರೈಲು ನಿಲ್ಲಿಸಿದರು, ಗೂಡ್ಸ್ ಜೊತೆ ಮುಖಾಮುಖಿ ಡಿಕ್ಕಿ ತಪ್ಪಿತು. ವ್ಯವಸ್ಥೆಯಲ್ಲೇ ಗಂಭೀರ ದೋಷ ಇದೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆದೀತು ಅಂತ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. ಬಹನಾಗಾ ಆಗೋಕೆ ಆಗ ಇನ್ನೂ ಸುಮಾರು ನಾಲ್ಕು ತಿಂಗಳಿತ್ತು.