ಒಂಟಿ ತಾಯಿ, ಬಾಡಿಗೆ ಖೋಲಿ ಮತ್ತು ಮಗುವಿನ ಶಾಲೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಮಕ್ಕಳ ಶಿಕ್ಷಣದಲ್ಲಿ ಪಾಲಕರ ಪಾತ್ರ’. ಪಾಲಕರು ಎಂದಾಗ ತಂದೆ-ತಾಯಿ ಇಬ್ಬರೂ ಇದ್ದಾರೆ ಎಂದು ಹಿಡಿದುಕೊಂಡೇ ನಾವು ಮಾತು ಶುರು ಮಾಡುತ್ತೇವೆ. ಆದರೆ ತಂದೆ ತೀರಿಹೋದ ಅಥವಾ ತಂದೆ ಇದ್ದೂ ಮನೆಯಲ್ಲಿಲ್ಲದ ಮಕ್ಕಳ ಹೆಸರು ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷವೂ ಇರುತ್ತದೆ. ಅಂಥ ಮಗು ವರ್ಷದ ನಡುವೆ ಶಾಲೆಗೆ ಬರುವುದನ್ನು ಬಿಟ್ಟರೆ ಬಡತನ ಎಂದು ಹೇಳಿ ಸುಮ್ಮನಾಗುತ್ತೇವೆ. ಮನೆಗೆ ಹೋಗಿ ವಿಚಾರಿಸಿದರೆ ಅನೇಕ ಸಲ ಸಿಗುವ ಉತ್ತರ ಇಷ್ಟೆ: “ಖೋಲಿ ಖಾಲಿ ಮಾಡು ಅಂದ್ರು ಟೀಚರ್.” ಆದ್ದರಿಂದ ನಾನು ಇಂದು ಬಾಡಿಗೆ ಖೋಲಿಯ ಬಗ್ಗೆಯೇ ಮಾತನಾಡುತ್ತೇನೆ. ವಿಷಯ ಬಿಟ್ಟು ಹೋದೆನೆಂದು ಅಧ್ಯಕ್ಷರು ಭಾವಿಸಬಾರದು.

ಗಂಡ ತೀರಿಹೋದ ಅಥವಾ ತಲಾಖ್ ಆದ ಹೆಣ್ಣುಮಗಳು ಮೊದಲು ತವರಿಗೆ ಬರುತ್ತಾಳೆ. ಅಣ್ಣ-ತಮ್ಮಂದಿರ ಸಂಸಾರ ಬೆಳೆದಂತೆ ಅಲ್ಲಿ ಜಾಗ ಸಾಲುವುದಿಲ್ಲ. ಆಗ ಕೆಲಸ ಇರುವ ಊರು ಹುಡುಕುತ್ತಾಳೆ. ನಿಪ್ಪಾಣಿಯಲ್ಲಿ ಬೀಡಿ ಮತ್ತು ತಂಬಾಕಿನ ಕೆಲಸ, ಅಥಣಿಯಲ್ಲಿ ಚಪ್ಪಲಿಯ ಕೆಲಸ, ಚಿಕ್ಕೋಡಿ, ರಾಯಬಾಗದಂಥ ಊರುಗಳಲ್ಲಿ ಹೊಲಿಗೆ, ಮನೆಗೆಲಸ, ಅಡುಗೆ. ಕೈಗೆ ಬರುವ ದುಡ್ಡು ದಿನದ ಲೆಕ್ಕದ್ದು, ಕೊಡಬೇಕಾದ ಬಾಡಿಗೆ ತಿಂಗಳ ಲೆಕ್ಕದ್ದು. ಹೀಗಾಗಿ ಎಲ್ಲಕ್ಕಿಂತ ಅಗ್ಗದ ಖೋಲಿಯನ್ನೇ ಹಿಡಿಯುತ್ತಾಳೆ.

ಅಗ್ಗದ ಖೋಲಿ ಏಕೆ ಅಗ್ಗ ಎಂಬುದನ್ನು ನೋಡಬೇಕು. ನಮ್ಮ ಕಡೆ ಹೊಳೆದಂಡೆಯ ತಗ್ಗಿನ ಜಾಗ ಅಗ್ಗ. 2005, 2019 ಮತ್ತು 2021ರಲ್ಲಿ ಕೃಷ್ಣೆ ಏನು ಮಾಡಿದಳು ಎಂಬುದನ್ನು ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಮಹಾಪೂರ ಬರದ ವರ್ಷವೂ ಮಳೆಗಾಲದಲ್ಲಿ ಕಲ್ಲೋಳ-ಯಡೂರಿನಂಥ ತಗ್ಗು ಸೇತುವೆ ಮುಳುಗಿದರೆ ಆ ದಂಡೆಯ ಮಗುವಿಗೆ ಈ ದಂಡೆಯ ಶಾಲೆ ಇಲ್ಲ. ಇನ್ನೊಂದು ಬಗೆಯ ಅಗ್ಗದ ಖೋಲಿಗೆ ಕಿಟಕಿಯೇ ಇರುವುದಿಲ್ಲ. ತಾಯಿ ಅಲ್ಲೇ ಕೂತು ಬೀಡಿ ಕಟ್ಟುತ್ತಾಳೆ, ಮಗು ಅದೇ ತಂಬಾಕಿನ ಧೂಳಿನಲ್ಲಿ ಊಟ ಮಾಡಿ, ಓದಿ, ಮಲಗುತ್ತದೆ. ಬೀಡಿ ಕಟ್ಟುವ ತಾಯಿ ಕೇಳಿದರೆ ನಾನು ಹೇಳುವುದು, ಖೋಲಿ ಸಣ್ಣದಾದರೂ ಸರಿ, ಮುಂದೆ ಒಂದು ಕಟ್ಟೆ ಅಥವಾ ಪಡಸಾಲೆ ಇರಲಿ.

ಹಾಗಾದರೆ ಒಳ್ಳೆಯ ಓಣಿ ಯಾವುದು? ಶಾಲೆಯಿಂದ ಮನೆಯ ಕಡೆಗೆ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಇಬ್ಬರು ಪಾಲಕರಿರುವ ಮನೆಯಲ್ಲಿ ಒಬ್ಬರು ಸೈಕಲ್ ಮೇಲೆ ಬಿಟ್ಟು ಬಂದಾರು. ಒಬ್ಬಳೇ ದುಡಿಯುವ ಮನೆಯಲ್ಲಿ ಮಗು ತಾನೇ ನಡೆದು ಹೋಗಿ, ತಾನೇ ನಡೆದು ಬರಬೇಕು. ದಾರಿಯಲ್ಲಿ ಹೆದ್ದಾರಿ ದಾಟುವುದಿದೆಯೋ, ಶಾಲೆ ಬಿಟ್ಟ ಮೇಲೆ ತಾಯಿ ಬರುವವರೆಗೆ ಯಾರ ಮನೆಯ ಬಾಗಿಲು ತೆರೆದಿರುತ್ತದೆ, ಇವನ್ನು ನೋಡಿ ಆಮೇಲೆ ಬಾಡಿಗೆ ಕೇಳಬೇಕು. ಉರ್ದು ಮಾಧ್ಯಮದ ಮಗುವಾದರೆ ಮುಂದಿನ ತರಗತಿಗಳನ್ನೂ ನೋಡಬೇಕು. ಪ್ರಾಥಮಿಕ ಶಾಲೆ ಹತ್ತಿರವಿದ್ದರೂ ಉರ್ದು ಪ್ರೌಢಶಾಲೆ ಎಲ್ಲ ಕಡೆ ಇಲ್ಲ. ದೂರದ ಶಾಲೆಗೆ ಒಬ್ಬಳನ್ನೇ ಹೇಗೆ ಕಳಿಸಲಿ ಎಂಬ ಮಾತು ಮೊದಲು ಬೀಳುವುದು ಹುಡುಗಿಯ ಮೇಲೆ. ಸಣ್ಣ ತರಗತಿಯಿಂದಲೇ ಕನ್ನಡ ಗಟ್ಟಿಯಾಗಿದ್ದ ಹುಡುಗಿ ಹತ್ತಿರದ ಕನ್ನಡ ಪ್ರೌಢಶಾಲೆಗೆ ಅಂಜದೆ ಸೇರುತ್ತಾಳೆ. ಎರಡೂ ಭಾಷೆ ಕಲಿಸುವವಳಾಗಿ ಇದನ್ನು ಕಣ್ಣಾರೆ ಕಂಡಿದ್ದೇನೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಸರಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತಾಯಿ ಕೆಲಸಕ್ಕೆ ದೂರ ಹೋಗಬಹುದು, ಮಗುವಿನ ಶಾಲೆ ಹತ್ತಿರವಿರಲಿ. ಹಳೆಯ ಲೆಕ್ಕ ಇದಕ್ಕೆ ಉಲ್ಟಾ ಇತ್ತು. ಕೆಲಸದ ಪಕ್ಕ ಖೋಲಿ ಹಿಡಿಯುತ್ತಿದ್ದರು, ಶಾಲೆ ಎಲ್ಲಿಯೋ ಇರುತ್ತಿತ್ತು.

ಇಷ್ಟೆಲ್ಲ ನೋಡಿ ಓಣಿ ಆರಿಸಿದರೂ ಖೋಲಿ ಸಿಗುತ್ತದೆಯೆ? ಬಾಗಿಲಲ್ಲಿ ಮೊದಲ ಪ್ರಶ್ನೆ, “ಘರ್ ಮೇಂ ಮರ್ದ್ ಕೌನ್ ಹೈ?” ಗಂಡಸರಿಲ್ಲ ಎಂದ ಕೂಡಲೆ ಖೋಲಿ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತದೆ. ನೌಕರಿಗೆ ಬಂದ ಒಬ್ಬ ಬ್ರಹ್ಮಚಾರಿಗೆ ಅದೇ ಖೋಲಿ ಅದೇ ವಾರ ಸಿಗುತ್ತದೆ! ಖೋಲಿ ಕೊಟ್ಟವರೂ ಯಾರು ಬಂದರು, ಯಾರು ಹೋದರು ಎಂದು ಲೆಕ್ಕ ಇಡುತ್ತಾರೆ. ಸಣ್ಣ ಮಾತಿಗೆ ಖಾಲಿ ಮಾಡಿಸುತ್ತಾರೆ. ಈ ಸಭೆಯಲ್ಲಿ ಎರಡು-ಮೂರು ಖೋಲಿ ಬಾಡಿಗೆಗೆ ಕೊಟ್ಟವರು ಅನೇಕರಿದ್ದಾರೆ. ನಾವು ಒಂದು ಕಡೆ ಹೆಣ್ಣುಮಕ್ಕಳ ತಾಲೀಮಿಗೆ ಚಂದಾ ಕೊಡುತ್ತೇವೆ, ಇನ್ನೊಂದು ಕಡೆ ಅದೇ ಹುಡುಗಿಯ ತಾಯಿಗೆ ಬಾಗಿಲು ಹಾಕುತ್ತೇವೆ.

ಡಿಪಾಜಿಟ್ ಇನ್ನೊಂದು ಗೋಡೆ. ರಮ್ಜಾನಿನಲ್ಲಿ ಜಕಾತಿನಿಂದ ಕಿಟ್ ಹಂಚುತ್ತೇವೆ, ಒಳ್ಳೆಯದೇ. ಅದೇ ಹಣದಲ್ಲಿ ಬಡ ತಾಯಿಯೊಬ್ಬಳ ಡಿಪಾಜಿಟ್ ಕಟ್ಟಿದರೆ ಮಗು ವರ್ಷವಿಡೀ ಒಂದೇ ಶಾಲೆಯಲ್ಲಿ ಉಳಿಯುತ್ತದೆ. ಇದು ಹೇಗೆ ಕೂಡುತ್ತದೆಂದು ಉಲೇಮಾಗಳೇ ಹೇಳಲಿ. ತಂದೆ ಸತ್ತ ಮಗುವನ್ನು ಯತೀಮ್ ಎನ್ನುತ್ತೇವೆ, ಅದಕ್ಕೆ ನೆರವೂ ಸಿಗುತ್ತದೆ. ತಂದೆ ಬಿಟ್ಟುಹೋದ ಮಗುವಿಗೆ ಆ ಹೆಸರಿಲ್ಲ, ಹಸಿವು ಮಾತ್ರ ಅಷ್ಟೇ.

ಕಾಗದಪತ್ರದ ಮಾತು. ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಇರುವವಳಿಗೆ. ತಲಾಖ್ ಆದವಳ ಹೆಸರು ಗಂಡನ ಮನೆಯ ಅಥವಾ ತವರಿನ ಕಾರ್ಡಿನಲ್ಲೇ ಉಳಿದಿದ್ದರೆ ಆ ಹಣ ಬೇರೆಯವರ ಖಾತೆಗೆ. ಬೇರೆ ಕಾರ್ಡಿಗೆ ವಿಳಾಸದ ದಾಖಲೆ ಬೇಕು, ಅದಕ್ಕೆ ಬಾಡಿಗೆ ಕರಾರು ಬೇಕು, ಆ ಕರಾರನ್ನು ಬರೆದುಕೊಡಲು ಖೋಲಿಯ ಮಾಲೀಕರಿಗೆ ಮನಸ್ಸಿಲ್ಲ. 2013ರಲ್ಲಿ ಬಂದ ಮನಸ್ವಿನಿ ಯೋಜನೆ ವಿಚ್ಛೇದಿತರಿಗೂ ಇದೆ, ಆದರೆ 40 ವರ್ಷ ತುಂಬಿರಬೇಕು. ನಮ್ಮ ಶಾಲೆಯ ತಾಯಂದಿರು ಇಪ್ಪತ್ತೈದು-ಮೂವತ್ತರವರು. ತಲಾಖ್ ಆದ ಮುಸ್ಲಿಂ ಮಹಿಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿತು. ಹೊಸ ಸಂಹಿತೆಯಲ್ಲಿ ಅದು 144ನೆಯ ಕಲಮು. ಆದರೆ ಕೋರ್ಟಿನ ತಾರೀಖು ಮುಂದೆ ಹೋಗುತ್ತದೆ, ಬಾಡಿಗೆಯ ತಾರೀಖು ಹೋಗುವುದಿಲ್ಲ.

ಓಣಿ ಬದಲಿಸಲೇಬೇಕಾಗಿ ಬಂದ ತಾಯಂದಿರಿಗೆ ಒಂದು ಮಾತು. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಹೊಸ ಸರಕಾರಿ ಅಥವಾ ಅನುದಾನಿತ ಶಾಲೆ ಎಂಟನೆಯ ತರಗತಿಯವರೆಗೆ ಪ್ರವೇಶ ನಿಲ್ಲಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ಹಾಗೆ ಹೇಳುತ್ತದೆ. ಖೋಲಿ ಬದಲಿಸಿದ ವಾರವೇ ಮಗುವನ್ನು ಕರೆದುಕೊಂಡು ಬನ್ನಿ, ಕಾಗದ ಆಮೇಲೆ ತರಿಸೋಣ.

ಸಂಘದವರಲ್ಲಿ ನನ್ನ ವಿನಂತಿ ಚಿಕ್ಕದು. ಏಪ್ರಿಲ್ ಪರೀಕ್ಷೆ ಮುಗಿದ ಮೇಲೆ ಖೋಲಿ ಹುಡುಕುವ ಕಾಲ. ಯಾರ ಮನೆಯಲ್ಲಿ ಖೋಲಿ ಖಾಲಿ ಇದೆಯೋ ಅವರು ಓಣಿಯ ಹೆಸರು, ಬಾಡಿಗೆ, ಕರಾರು ಬರೆದುಕೊಡುವಿರೋ ಇಲ್ಲವೋ ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಶಾಲೆಯ ಮುಖ್ಯಗುರುಗಳ ಕೈಗೆ ಕೊಡಿ. ಯಾವ ತಾಯಿಗೆ ಬೇಕು ಎಂಬುದು ನಮಗೆ ಗೊತ್ತಿರುತ್ತದೆ. ಶಾಲೆ ಮತ್ತೆ ತೆರೆಯುವ ಮುಂಚೆ ಮೇ ತಿಂಗಳ ರಜೆ ಕೈಯಲ್ಲಿದೆ.