ಗೋಡೆಯ ಬಣ್ಣ ಯಾರ ಕಣ್ಣಿಗೆ?



ಮಳೆ ಬಿಟ್ಟು ಗೋಡೆ ಒಣಗಿತೆಂದರೆ ನಮ್ಮ ಕರಾವಳಿಯಲ್ಲಿ ಪೈಂಟಿನವರಿಗೆ ಪುರುಸೊತ್ತಿಲ್ಲ. ಹೂಡೆ, ಕೆಮ್ಮಣ್ಣು, ಬೆಂಗ್ರೆಯ ಕಡೆಯಂತೂ ಒಂದು ಬದಿಗೆ ಸ್ವರ್ಣಾ ನದಿ, ಇನ್ನೊಂದು ಬದಿಗೆ ಕಡಲು. ಉಪ್ಪುಗಾಳಿ ತಿಂದುಳಿದ ಗೋಡೆಗೆ ಮತ್ತೆ ಪುಟ್ಟಿ, ಪ್ರೈಮರ್, ಮೇಲೆ ಎರಡು ಕೋಟು. ಅನೇಕ ಮನೆಗಳಲ್ಲಿ ದುಡಿಯುವವರು ಗಲ್ಫಿನಲ್ಲಿ. ಹಾಗಾಗಿ ಬಣ್ಣದ ತೀರ್ಮಾನ ವಾಟ್ಸಾಪಿನಲ್ಲಿ. ಮಗನಿಗೆ ಐವರಿ ಸಾಕು. ಸೊಸೆಗೆ ಚಾವಡಿಯ ಒಂದು ಗೋಡೆಗಾದರೂ ನವಿಲುನೀಲಿ ಬೇಕು. ತಿಳಿಬಣ್ಣ ಹಾಕಿದರೆ ಯಾರೂ ಏನೂ ಹೇಳುವಂತಿಲ್ಲ ಎಂಬ ಸಮಾಧಾನ ಅವನದು, ಬಂದವರು ನಿಂತು ನೋಡಬೇಕೆಂಬ ಆಸೆ ಅವಳದು. ಇಬ್ಬರ ಲಕ್ಷ್ಯವೂ ಇರುವುದು ಬಂದು ಹೋಗುವವರ ಮೇಲೆಯೇ. ವರ್ಷವಿಡೀ ಆ ಗೋಡೆಗಳ ನಡುವೆ ಕೂರುವ ಅಮ್ಮನನ್ನು ಕೇಳುವ ನೆನಪು ಯಾರಿಗೂ ಆಗಿರುವುದಿಲ್ಲ.

ಹಿಂದೆ ಇಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ. ಹೊಳೆಯ ಚಿಪ್ಪನ್ನು ಸುಟ್ಟು, ನೀರು ಹಾಕಿ ಅರಳಿಸಿದರೆ ಸುಣ್ಣ. ಅದನ್ನು ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಚಿಪ್ಪೂ ಅದೇ ವಸ್ತು. ಮುರಕಲ್ಲಿನ ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಪೈಂಟ್ ಆ ದಾರಿಯನ್ನು ಕಟ್ಟುವುದರಿಂದ ತೇವ ಗುಳ್ಳೆಯಾಗಿ ಏಳುತ್ತದೆ. ಹಾಗೆಂದು ಆ ಮನೆಗಳಲ್ಲಿ ಗಾಢ ಬಣ್ಣ ಇರಲಿಲ್ಲವೆಂದಲ್ಲ. ಕಾಲಡಿಯಲ್ಲಿ ತಿಕ್ಕಿ ತಿಕ್ಕಿ ಹೊಳಪೇರಿದ ಕೆಂಪು ನೆಲ. ಮಾಡಿನಲ್ಲಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಕೆಂಪು ಹಂಚು. ನಡುವಿನ ಬಿಳಿ ಗೋಡೆಗೆ ಒಂದು ಕೆಲಸವಿತ್ತು: ಮಾಡಿನ ಒಂದೇ ಗಾಜಿನ ಹಂಚಿನಿಂದ ಇಳಿದ ಬೆಳಕನ್ನು ಮೂಲೆಮೂಲೆಗೆ ಮುಟ್ಟಿಸುವುದು.

ಅದೇ ಚಂದವಿತ್ತು ಎಂದು ನಾನು ಹೇಳಲಾರೆ. ಒರಗಿದರೆ ಬೆನ್ನೆಲ್ಲ ಬಿಳಿ, ಮತ್ತೆ ಮತ್ತೆ ಬಳಿಯುವ ಕೆಲಸ ಬೇರೆ. ಹೊಗಳುವವರು ಸಾಮಾನ್ಯವಾಗಿ ಬಳಿದವರಲ್ಲ! ಆದರೆ ಆ ಬಿಳುಪು ಮನೆಯೊಳಗಿನವರ ಉಪಯೋಗಕ್ಕೆ ಹುಟ್ಟಿದ್ದು, ತೋರಿಕೆಗಲ್ಲ.

ಇನ್ನೊಂದು ವಿಷಯವನ್ನು ಶೇಡ್ ಕಾರ್ಡ್ ಹೇಳುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಮಂಕಾಗುತ್ತದೆ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ಇರುವ ಅಂಚು ಗುರುತಿಸುವುದು ಕಷ್ಟ. ಬಿಳಿ ಗೋಡೆಯ ಮೇಲೆ ಬಿಳಿ ಸ್ವಿಚ್ಚು, ಬಿಳಿ ಬಾಗಿಲು, ಬಚ್ಚಲಲ್ಲಿ ಬಿಳಿ ಟೈಲ್ಸು, ಬಿಳಿ ಕಮೋಡು. ಮೊಬೈಲಿನ ಚಿತ್ರದಲ್ಲಿ ಬಹಳ ಅಚ್ಚುಕಟ್ಟು. ರಾತ್ರಿ ಎದ್ದ ಅಜ್ಜಿ ಮಾತ್ರ ಗೋಡೆಯನ್ನು ಕೈಯಿಂದ ಸವರುತ್ತಾ ಸ್ವಿಚ್ಚು ಹುಡುಕಬೇಕು. ಅಲ್ಲಿ ಒಂದು ಗಾಢ ಪಟ್ಟಿ, ಕಡು ಬಣ್ಣದ ಒಂದು ಹಿಡಿಕೆ ಇದ್ದರೆ ಅದು ಶೋಕಿಯಲ್ಲ. ಹಾಗೆಯೇ ತಿಳಿಬೂದು ಬಣ್ಣ ಬಿಸಿಲಿನ ದಿನ ಎಷ್ಟು ಗಂಭೀರವಾಗಿ ಕಂಡರೂ ಆಷಾಢದ ಮೋಡದ ಬೆಳಕಿನಲ್ಲಿ ಜೀವವಿಲ್ಲದಂತಾಗುತ್ತದೆ. ಅದನ್ನು ದಿನಗಟ್ಟಲೆ ನೋಡುತ್ತಾ ಕೂರುವವರು ಆರಿಸಿದವರಲ್ಲ.

ನಾಲ್ಕೂ ಗೋಡೆಗೆ ಬಳಿದಾಗ ಬಣ್ಣ ಒಂದರಿಂದ ಒಂದಕ್ಕೆ ಪ್ರತಿಫಲಿಸಿ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಅದಕ್ಕೇ ತಿಳಿದ ಮೇಸ್ತ್ರಿಗಳು ಎರಡು ಅಡಿ ಬಳಿದು, ಬೆಳಿಗ್ಗೆಯೂ ನೋಡಿ, ಲೈಟು ಹಾಕಿಯೂ ನೋಡಿ ಅನ್ನುತ್ತಾರೆ. ನೋಡಲು ಕರೆಯಬೇಕಾದವರು ಮನೆಯಲ್ಲೇ ಇದ್ದಾರೆ. "ನನಗೇನು ಗೊತ್ತು, ನಿಮಗೆ ಬೇಕಾದ್ದು ಹಾಕಿ" ಎಂಬುದು ಅವರ ಮೊದಲ ಉತ್ತರ. ಅಲ್ಲಿಗೇ ಫೋನು ಇಡಬೇಡಿ. ಇನ್ನೊಮ್ಮೆ ಕೇಳಿದರೆ, "ಅಡುಗೆಕೋಣೆಗೆ ಹಳದಿ ಆಗ್ಲಿ, ಮಳೆಗಾಲದಲ್ಲಿ ಹಗಲಿಗೇ ಲೈಟು ಹಾಕ್ಬೇಕಾಗ್ತದೆ" ಅಂದಾರು. ಚಾವಡಿಯ ನವಿಲುನೀಲಿಗೂ ಅವರ ಅಡ್ಡಿ ಇರಲಿಕ್ಕಿಲ್ಲ.