ಮಲಗಿದ ಜೀನ್ ಎದ್ದಾಗ



ಕುಡುಗೋಲು ಕಣದ ರಕ್ತಹೀನತೆ ಎಂಬ ಕಾಯಿಲೆಯೊಂದಿದೆ. ವೈದ್ಯರು ಸಿಕಲ್ ಸೆಲ್ ಎನ್ನುತ್ತಾರೆ. ಕೆಂಪು ರಕ್ತಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಗಳಲ್ಲಿ ತಡೆಯಲಾರದ ನೋವು ತರುತ್ತವೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಾಡಿಗಳಲ್ಲೂ ಇದೆ.

ವಿಚಿತ್ರವೆಂದರೆ, ಈ ಕಾಯಿಲೆಯ ಮಗು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ದೋಷ ಹುಟ್ಟಿನಿಂದಲೇ ಬಂದಿದ್ದರೂ ನೋವು ತಡವಾಗಿ ಬರುವುದೇಕೆ? ಉತ್ತರ ಜೀವಕೋಶದ ಕೆಲಸದ ರೀತಿಯಲ್ಲಿದೆ.

ನಾವು ಟೇಪು ಬಳಸುತ್ತಿದ್ದ ದಿನಗಳಲ್ಲಿ ಮೂಲ ಟೇಪು ಭಂಡಾರ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಪ್ರತಿ ಮಾಡಿ ಕೊಡುತ್ತಿದ್ದರು. ಜೀವಕೋಶದಲ್ಲೂ ಹಾಗೆಯೇ. ಡಿಎನ್‌ಎ ಕೋಶಕೇಂದ್ರದೊಳಗೇ ಉಳಿಯುತ್ತದೆ. ಬೇಕಾದ ಜೀನ್‌ನ ಪ್ರತಿಯಾಗಿ ಸಂದೇಶವಾಹಕ ಆರ್‌ಎನ್‌ಎ ಹೊರಗೆ ಬರುತ್ತದೆ. ರೈಬೋಸೋಮ್ ಅದರ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತ, ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತ ಪ್ರೋಟೀನ್ ಕಟ್ಟುತ್ತದೆ. ಈ ಮೂರಕ್ಷರದ ಲಿಪಿಯನ್ನು ಬಿಡಿಸಿದವರಲ್ಲಿ ನಮ್ಮ ಹರಗೋವಿಂದ ಖುರಾನಾ ಒಬ್ಬರು; 1968ರಲ್ಲಿ ಅವರಿಗೆ ನೊಬೆಲ್ ಬಂತು.

ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಸಿಕಲ್ ಸೆಲ್‌ನಲ್ಲಿ ಆರನೆಯದೊಂದೇ ಬೇರೆ. ಜೀನ್‌ನಲ್ಲಿ ಜಿಎಜಿ ಎಂದಿರಬೇಕಾದಲ್ಲಿ ಜಿಟಿಜಿ ಎಂದಿದೆ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಕೂರುತ್ತದೆ. ಅಷ್ಟಕ್ಕೇ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಡ್ಡಿಗಳಾಗಿ ಕಣವನ್ನೇ ಬಗ್ಗಿಸುತ್ತದೆ.

ಆದರೆ ಗರ್ಭದಲ್ಲಿರುವಾಗ ಮಗು ಬೀಟಾ ಬದಲು ಹೆಚ್ಚಾಗಿ ಗಾಮಾ ಎಂಬ ಇನ್ನೊಂದು ಜೀನ್‌ನ ಸರಪಳಿ ಬಳಸುತ್ತದೆ. ಅದರಲ್ಲಿ ಈ ತಪ್ಪಿಲ್ಲ. ಹುಟ್ಟಿದ ಮೇಲೆ ಗಾಮಾ ಮೆಲ್ಲಗೆ ಮಲಗುತ್ತದೆ, ಬೀಟಾ ಏಳುತ್ತದೆ, ನೋವೂ ಏಳುತ್ತದೆ. ಭ್ರೂಣದ ಹಿಮೋಗ್ಲೋಬಿನ್ ಮಗುವನ್ನು ಕಾಯುತ್ತಿರಬೇಕೆಂದು ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಊಹಿಸಿದ್ದರು. ಗಮನವಿಟ್ಟು ನೋಡುವವರು ಯಂತ್ರಗಳಿಗಾಗಿ ಕಾಯುವುದಿಲ್ಲ.

ಗಾಮಾವನ್ನು ಮಲಗಿಸುವವರು ಯಾರು? ಅದೂ ಒಂದು ಪ್ರೋಟೀನ್, ಹೆಸರು ಬಿಸಿಎಲ್‌11ಎ. ಜೀನ್‌ಗಳ ಬಾಯಿ ಮುಚ್ಚಿಸುವ ಇಂಥ ಪ್ರೋಟೀನುಗಳು ದೇಹದಲ್ಲಿ ಬಹಳ ಇವೆ. ಒಂದೇ ಡಿಎನ್‌ಎ ಇದ್ದೂ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಇರಲು ಇವೂ ಒಂದು ಕಾರಣ. (ನನ್ನ ಟೇಪು ಭಂಡಾರದ ಹೋಲಿಕೆ ಇಲ್ಲಿ ಸೋಲುತ್ತದೆ: ಯಾವ ಟೇಪೂ ಇನ್ನೊಂದು ಟೇಪನ್ನು ನಿಲ್ಲಿಸಲಾರದು!) 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಂದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಪ್ರೌಢ ಕೆಂಪು ಕಣದಲ್ಲಿ ಡಿಎನ್‌ಎ ಇಲ್ಲದಿರುವುದರಿಂದ, ರೋಗಿಯ ರಕ್ತದ ಮೂಲ ಕೋಶಗಳನ್ನೇ ತೆಗೆದು, ಬಿಸಿಎಲ್‌11ಎಯ ಚಾಲನೆಯನ್ನು ಅಲ್ಲಿ ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಗಾಮಾ ಮತ್ತೆ ಏಳುತ್ತದೆ. ಅಮೆರಿಕದಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್.

ಹಾಡಿಯ ಮಗುವಿಗೆ ಸದ್ಯಕ್ಕೆ ಒದಗುವುದು ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧ. ಅದೂ ಗಾಮಾವನ್ನು ಅಷ್ಟಿಷ್ಟು ಎಬ್ಬಿಸುತ್ತದೆ. ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕಾಡಂಚಿನಿಂದ ನಡೆದುಬಂದು ಬಸ್ಸು ಹಿಡಿಯಬೇಕಾದ ತಾಯಿಗೆ ಅದೇನೂ ಸಣ್ಣ ಕೆಲಸವಲ್ಲ.